ತೊಲೆ ಒಡೀತು

ಕಳೆದ ವಾರ ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಎದುರುಮನೆಯವರು ತಮ್ಮ ನೀರಿನ ಸಂಪಿನ ಒಳಗೋಡೆಗೆ ಫೈಬರ್ ಬಳಿಸಿದರು. ಕೆಲಸದವರು ರಾಳ ಕಲಸಿದ ಡಬ್ಬವನ್ನು ನಮ್ಮ ಕಾಂಪೌಂಡಿನ ನೆರಳಿನಲ್ಲಿಟ್ಟಿದ್ದರು. ಮೂಗನ್ನು ಚುಚ್ಚಿ, ಹಣೆಯ ಹಿಂದೆ ಹೋಗಿ ಕೂರುವ ವಾಸನೆ ಅದು. ಜಗಲಿಯಲ್ಲಿ ಓದುತ್ತ ಕುಳಿತಿದ್ದ ನಾನು ಪುಸ್ತಕ ಮುಚ್ಚಿದೆ; ನನಗೇ ತಿಳಿಯದಂತೆ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.

ಆ ವಾಸನೆ ನನ್ನ ಪಾಲಿಗೆ ಒಂದೇ ಒಂದು ವರ್ಷಕ್ಕೆ ಸೇರಿದ್ದು. ಕಡಕೊಳದ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡೊಂದರಲ್ಲಿ, ಸಮುದ್ರದ ಸುಳಿವೇ ಇಲ್ಲದ ಊರಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿ ಹೊನ್ನರಾಜು ಮೂವತ್ತಡಿಯ ಹಾಯಿದೋಣಿಯೊಂದನ್ನು ಕಟ್ಟಿ ಮುಗಿಸಿ, ಅದರಲ್ಲಿ ಒಬ್ಬನೇ ಭೂಮಿಯನ್ನು ಸುತ್ತಲು ಹೊರಟು, ಮುರಿದು ಹಿಂದಿರುಗಿದ ವರ್ಷ ಅದು. ಆ ಮುರಿತದಲ್ಲಿ ಸಮುದ್ರದ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದನ್ನು ನಾನು ಇದುವರೆಗೆ ಬರೆದಿರಲಿಲ್ಲ.

ಇಪ್ಪತ್ತೇಳು ವರ್ಷ ನಾನು ಮೇಟಗಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದೆ. ಕಾರ್ಖಾನೆಗಳ ಕೆಲಸ ಹುಡುಕಿಕೊಂಡು ಸುತ್ತಲಿನ ಹಳ್ಳಿಗಳಿಂದ ಬಂದು ನೆಲೆಸಿದವರ ಮಕ್ಕಳೇ ಅಲ್ಲಿ ಹೆಚ್ಚು. ಪದದ ಮೊದಲಿನ ಹಕಾರವನ್ನು ಅವರು ಹುಟ್ಟಿನಿಂದಲೇ ನುಂಗುತ್ತಿದ್ದರು. ಆ ಅಭ್ಯಾಸವನ್ನು ಹುಟ್ಟಡಗಿಸಲು ನಾನು ಪಣ ತೊಟ್ಟಿದ್ದೆ. ಹಾಲು 'ಆಲು' ಆಗಬಾರದು, ಹಸು 'ಅಸು' ಆಗಬಾರದು. ಅಸು ಎಂದರೆ ಪ್ರಾಣ ಎಂದು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದೆ. ವಿವರಣೆಗೆ ಬಗ್ಗದವರಿಗೆ ಮರದ ಅಡಿಪಟ್ಟಿ ಇತ್ತು.

ಹೊನ್ನರಾಜು ನನ್ನ ಕೈಗೆ ಸಿಕ್ಕಿದ್ದು ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಎಂಟನೆಯ ತರಗತಿಯಲ್ಲಿ. ಹಾಜರಿ ಕರೆದರೆ ತನ್ನ ಹೆಸರನ್ನೇ 'ಒನ್ನರಾಜು' ಎನ್ನುತ್ತಿದ್ದ. ಒಂದು ದಿನ ತುಟಿಯಿಂದ ರಕ್ತ ಸುರಿಸಿಕೊಂಡು ನನ್ನ ಮೇಜಿನ ಬಳಿಗೆ ಬಂದ. ಹಿಂದಿನ ಬೆಂಚಿನವನೊಬ್ಬ ಗುದ್ದಿದ್ದ.

"ಮಿಸ್, ಅವ್ನು ನನ್ನ ಒಡೆದ."

"ಒಡೆಯಲು ನೀನೇನು ಮಡಕೆಯೇ?" ಎಂದೆ. ತರಗತಿ ನಕ್ಕಿತು. ನಗು ನನಗೆ ಹುರುಪು ತಂದಿತು. "ಮಡಕೆ ಒಡೆಯುತ್ತದೆ. ಕೋಲು ಮುರಿಯುತ್ತದೆ. ಬಟ್ಟೆ ಹರಿಯುತ್ತದೆ. ಮನುಷ್ಯನನ್ನು ಹೊಡೆಯುತ್ತಾರೆ. ಹ! ಕೈ ನೀಡು. ಹೇಳು."

"ಒಡೆದ."

ಒಂದು ಏಟು.

"ಒಡೆದ, ಮಿಸ್."

ಆರನೆಯ ಏಟಿಗೆ ಅಂಗೈಯ ಚರ್ಮ ಬಿರಿಯಿತು. ತುಟಿಯ ರಕ್ತದ ಜೊತೆಗೆ ಅಂಗೈಯ ರಕ್ತವೂ ಸೇರಿ ಅವನ ಅಂಗಿಯ ಮುಂಭಾಗ ತೋಯ್ದಿತ್ತು. ಕೈಯನ್ನು ಮಾತ್ರ ಹಿಂದಕ್ಕೆಳೆಯಲಿಲ್ಲ. ಗುದ್ದಿದ ಹುಡುಗನನ್ನು ನಾನು ಏನೂ ಕೇಳಲಿಲ್ಲ. ಅವನ ವ್ಯಾಕರಣದಲ್ಲಿ ದೋಷವಿರಲಿಲ್ಲ. ಅಂದಿನಿಂದ ಹತ್ತನೆಯ ತರಗತಿ ಮುಗಿಯುವವರೆಗೆ ಹೊನ್ನರಾಜುವನ್ನು ಇಡೀ ಶಾಲೆ 'ಮಡಕೆ' ಎಂದೇ ಕರೆಯಿತು.

ಸುಮಾರು ಮೂವತ್ತು ವರ್ಷಗಳ ಅನಂತರ, ಸಂಕ್ರಾಂತಿಯ ಮರುವಾರ, ಎತ್ತರದ ಆಳೊಬ್ಬ ನನ್ನ ಗೇಟಿನ ಮುಂದೆ ನಿಂತಿದ್ದ. ಎಡಗೆನ್ನೆಯಿಂದ ಕಿವಿಯವರೆಗೆ ಹಳೆಯ ಹೊಲಿಗೆಯ ಗುರುತು.

"ಗುರ್ತು ಸಿಕ್ತಾ ಮಿಸ್? ಮಡಕೆ."

ನಾನು ಗೇಟಿನ ಚಿಲಕ ತೆಗೆದೆ. ಅವನೇ ಒಳಗೆ ಬಂದು ಕುಳಿತ. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದನಂತೆ. ಈಗ ಬಿಟ್ಟು ಬಂದಿದ್ದಾನಂತೆ. ಸಮುದ್ರಯಾನ ಮುಗಿಸಿದ ಮೇಲೆ ಕನ್ನಡದಲ್ಲಿ ಪುಸ್ತಕ ಬರೆಯಬೇಕು, ಅದಕ್ಕೆ ಈಗಿನಿಂದಲೇ ತನ್ನ ಕನ್ನಡವನ್ನು ತಿದ್ದಿಕೊಡಬೇಕು ಎಂದ.

"ಬೇರೆ ಯಾರೂ ಸಿಗಲಿಲ್ಲವೇನಪ್ಪ?" ಎಂದು ಕೇಳಿದೆ.

"ನೀವು ಒಡೆದಷ್ಟು ಯಾರೂ ಒಡೀಲಿಲ್ಲ ಮಿಸ್. ಆ ಲೆಕ್ಕದಲ್ಲಿ ನಂಗೆ ಕನ್ನಡ ಬರಬೇಕಾಗಿತ್ತು. ಬರಲಿಲ್ಲ. ಕೆಲ್ಸ ಅರ್ಧಕ್ಕೇ ನಿಲ್ಲಿಸಿದ್ದೀರಿ."

ಹೀಗೆ ನಾನು ವಾರಕ್ಕೆರಡು ದಿನ ಕಡಕೊಳದ ಶೆಡ್ಡಿಗೆ ಹೋಗತೊಡಗಿದೆ. ಅವನು ದೋಣಿಯ ಮೈಯನ್ನು ಉಜ್ಜುತ್ತಿದ್ದ, ರಾಳ ಬಳಿಯುತ್ತಿದ್ದ. ನಾನು ಮೂಗಿಗೆ ಕರವಸ್ತ್ರ ಹಿಡಿದು ಸ್ಟೂಲಿನ ಮೇಲೆ ಕುಳಿತು ಪದ ಹೇಳಿಸುತ್ತಿದ್ದೆ. ಹಾಯಿ. ಹಗ್ಗ. ಹಲಗೆ. ಹುಟ್ಟು. ಹಡಗು.

"ಸಮುದ್ರಕ್ಕೆ ಓಗೋನಿಗೆ ಬೇಕಾದ್ದೆಲ್ಲ ಹಕಾರದಲ್ಲೇ ಇಟ್ಟವ್ರೆ ನೋಡಿ, ನಂಗೆ ಅಂತಲೇ," ಎಂದು ನಗುತ್ತಿದ್ದ. ದೋಣಿಗೆ ಗೀಜಗ ಎಂದು ಹೆಸರಿಟ್ಟದ್ದು ಅದರಲ್ಲಿ ಹಕಾರವಿಲ್ಲವೆಂಬ ಕಾರಣಕ್ಕೇ. ಹಾಯಿ ಕಟ್ಟುವ ಕೂವೆಮರಕ್ಕೆ ಅಡ್ಡಲಾಗಿ, ಹಾಯಿಯ ಬುಡವನ್ನು ಬಿಗಿಹಿಡಿದು, ಗಾಳಿ ತಿರುಗಿದ ಕಡೆಗೆ ತಾನೂ ಬೀಸಿ ಹೋಗುವ ಉದ್ದನೆಯ ದಂಡವೊಂದಿತ್ತು. ಅವನು ಅದನ್ನು ಬೂಮ್ ಎನ್ನುತ್ತಿದ್ದ. ಪುಸ್ತಕದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲವೆಂದು ನಾನು 'ತೊಲೆ' ಎಂಬ ಹೆಸರು ಕೊಟ್ಟೆ. "ತಲೆಗೆ ತೊಲೆ," ಎಂದು ಅವನು ತನ್ನ ನೆತ್ತಿಯನ್ನು ಮುಟ್ಟಿ ತೋರಿಸಿದ. "ಉಷಾರಾಗಿಲ್ದಿದ್ರೆ ಬುರುಡೆ ಬಿಚ್ಚುತ್ತೆ."

ಒಬ್ಬನೇ ಏಕೆ ಹೋಗಬೇಕೆಂದು ಒಮ್ಮೆ ಕೇಳಿದೆ. ಉಜ್ಜುತ್ತಿದ್ದ ಕೈ ನಿಂತಿತು. ಬೆಟ್ಟದ ಇಳಿಜಾರಿನಲ್ಲಿ ಸಿಕ್ಕಿಬಿದ್ದವರನ್ನು ಎತ್ತಲು ಹೋಗಿದ್ದಾಗ, ಹೆಲಿಕಾಪ್ಟರಿನ ತಿರುಗುವ ರೆಕ್ಕೆಯ ತುದಿಗೂ ಮರಕ್ಕೂ ನಡುವೆ ಇರುವ ಅಂತರವನ್ನು ಅವನು ತಪ್ಪಾಗಿ ಅಂದಾಜು ಮಾಡಿದ್ದನಂತೆ. ರೆಕ್ಕೆ ಮರಕ್ಕೆ ಬಡಿದು ತುಂಡಾಗಿ, ಆ ತುಂಡು ಬಾಗಿಲ ಬಳಿ ಹಗ್ಗ ಇಳಿಸುತ್ತ ನಿಂತಿದ್ದ ಜೊತೆಗಾರನನ್ನು ಎದೆಯ ಮಟ್ಟದಲ್ಲಿ ಸೀಳಿತಂತೆ. "ಅವನ ಅರ್ಧ ನನ್ನ ತೊಡೆ ಮೇಲೆ ಬಿತ್ತು ಮಿಸ್. ಮೇಲೆ ತಪ್ಪು ಮಾಡಿದ್ರೆ ಪಕ್ಕದೋನು ಸಾಯ್ತಾನೆ. ಅದಕ್ಕೇ ಪಕ್ಕದಲ್ಲಿ ಯಾರೂ ಇಲ್ದಿರೋ ಕೆಲಸ ಹುಡುಕಿದೆ." ಮತ್ತೆ ಉಜ್ಜತೊಡಗಿ ಹೇಳಿದ: "ರೇಡಿಯೋದಲ್ಲಿ ಒಂದು ಅಕ್ಷರ ಜಾರಿದ್ರೆ ಹೆಣ ಬೀಳುತ್ತೆ. ಅದಕ್ಕೆ ನಾವು ಎರಡೆರಡು ಸಲ ಹೇಳಿಸಿ ಕೇಳ್ತೀವಿ. ನಿಮ್ಮ ಕ್ಲಾಸಲ್ಲಿ ಬರೀ ಏಟು ಬೀಳ್ತಿತ್ತು."

ಏಪ್ರಿಲ್ ಕಳೆಯುವಷ್ಟರಲ್ಲಿ ಅವನ ಹಕಾರ ಗಂಟೆ ಹೊಡೆದಂತೆ ಕೇಳುತ್ತಿತ್ತು. ನಾನು ಹೆಮ್ಮೆಪಟ್ಟೆ; ಆ ಹೆಮ್ಮೆಯನ್ನು ನಾಲ್ಕು ಜನರೆದುರು ಆಡಿಯೂ ತೋರಿಸಿದೆ.

ಎರಡು ತಿಂಗಳು ತಡವಾಗಿ, ಮೇ ಮೊದಲ ವಾರದಲ್ಲಿ ಮಂಗಳೂರಿನಿಂದ ಹೊರಟ. ದಕ್ಷಿಣದ ಸಮುದ್ರಕ್ಕೆ ಚಳಿಗಾಲ ಕಾಲಿಡುವ ಹೊತ್ತಿಗೆ ಅಲ್ಲಿಗೆ ತಲುಪುವುದು ಹುಚ್ಚು ಎಂದು ಬಲ್ಲವರು ಹೇಳಿದ್ದರಂತೆ. ಮಂಗಳೂರಿನಲ್ಲಿ ಕುಳಿತು ದೋಣಿಯ ದಾರಿಯನ್ನು ಗಮನಿಸುತ್ತಿದ್ದವರು ಅವನ ಸೇನೆಯ ಗೆಳೆಯ ಸೇಠಿ. ಅವರಿಗೆ ಕನ್ನಡ ಬಾರದು. ದೋಣಿಯ ಹಿಂಬದಿಯ ಕಂಬಿಗೆ ಬಿಗಿದ ಯಂತ್ರವೊಂದು ಅದಿರುವ ಜಾಗವನ್ನು ಅವರಿಗೆ ತಿಳಿಸುತ್ತಿತ್ತು. ಭಾನುವಾರ ಬೆಳಿಗ್ಗೆ ಹೊನ್ನರಾಜು ಉಪಗ್ರಹದ ಫೋನಿನಲ್ಲಿ ನನ್ನನ್ನು ಕರೆದು ವಾರದ ಸಂಗತಿಗಳನ್ನು ಕನ್ನಡದಲ್ಲಿ ಹೇಳುತ್ತಿದ್ದ. ನನ್ನ ಫೋನು ಅದನ್ನು ಹಿಡಿದಿಡುತ್ತಿತ್ತು. ನಾನು ತಿದ್ದಿ ಬರೆದು, ಮಧ್ಯಾಹ್ನ ಮೇಟಗಳ್ಳಿಗೆ ಹೋಗಿ ಅವನ ತಾಯಿ ಚಿಕ್ಕತಾಯಮ್ಮನವರಿಗೆ ಓದಿ ಹೇಳುತ್ತಿದ್ದೆ. ಅವರು ಒಂದು ಕಾರ್ಖಾನೆಯ ಅಂಗಳ ಗುಡಿಸಿ ಮಗನನ್ನು ಓದಿಸಿದವರು. ಬುದ್ಧನ ಪಟದ ಕೆಳಗೆ ಗೋಡೆಗೊರಗಿ ಕುಳಿತು, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಬರಬರುತ್ತ ಆ ಸಂಗತಿಗಳು ಓದಲಾಗದಂತಾದವು. ಜೂನ್ ಕೊನೆಯ ಹೊತ್ತಿಗೆ ಅಲೆಗಳು ದೋಣಿಯನ್ನು ಎರಡು ಸಲ ಮಗುಚಿದ್ದವು. ಒಳಗಿದ್ದ ಒಲೆ ಕಿತ್ತುಬಂದು ಅವನ ಎರಡು ಹಲ್ಲು ಉದುರಿಸಿತ್ತು. ಹಗ್ಗ ಉಜ್ಜಿ ಉಜ್ಜಿ ಬೆರಳುಗಳ ತುದಿಯ ಮಾಂಸ ಕಾಣುತ್ತಿತ್ತು. ಉಪ್ಪುನೀರು ಬಿದ್ದಾಗ ತಾನು ನಾಯಿಯಂತೆ ಊಳಿಡುತ್ತೇನೆ, ಕೇಳುವವರಿಲ್ಲದ ಕಾರಣ ನಾಚಿಕೆಯೂ ಇಲ್ಲ ಎಂದಿದ್ದ. ನಾನು ಅದನ್ನು 'ವೇದನೆಯಿಂದ ಕೂಗಿದನು' ಎಂದು ತಿದ್ದಿ ಓದಿದೆ.

"ಊಳಿಟ್ಟ ಅನ್ನು ಟೀಚರಮ್ಮ," ಎಂದರು ಚಿಕ್ಕತಾಯಮ್ಮ, ಕಣ್ಣು ತೆರೆಯದೆ. "ನಂಗೆ ಕೇಳಿಸ್ತಾ ಅದೆ."

ಆಷಾಢದ ಮೊದಲ ಶುಕ್ರವಾರ. ಬೆಟ್ಟಕ್ಕೆ ಹೋಗುವ ಜನರಿಂದ ಊರು ತುಂಬಿತ್ತು. ಬೆಳಗಿನಿಂದ ಬೀಸುತ್ತಿದ್ದ ಗಾಳಿಗೆ ಪಕ್ಕದ ಮನೆಯ ತಗಡೊಂದು ಕಿತ್ತುಹೋಗಿ ರಸ್ತೆಯುದ್ದಕ್ಕೂ ಕರ್ಕಶವಾಗಿ ಉರುಳುತ್ತಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಫೋನು ಬಂತು. ಭಾನುವಾರವಲ್ಲದ ದಿನ ಅವನು ಕರೆದದ್ದು ಅದೇ ಮೊದಲು. ಮೊರೆತ, ಕಬ್ಬಿಣ ಬಡಿಯುವ ಸದ್ದು, ಅವುಗಳ ನಡುವೆ ಅವನ ದನಿ:

"ಮಿಸ್... ತೊಲೆ ಒಡೀತು... ಒಡೀತು ಮಿಸ್... ಅವ್ವಂಗೆ..."

ಅಷ್ಟೇ. ಅನಂತರ ನೀರು ನುಗ್ಗಿದ ಸದ್ದು, ಅದೂ ನಿಂತಿತು.

ಹಿಡಿದಿಟ್ಟ ದನಿಯನ್ನು ಒಂಬತ್ತು ಸಲ ಕೇಳಿ, ಸೇಠಿಯವರಿಗೆ ಕರೆಮಾಡಿದೆ. ಬೂಮ್ ಒಡೆದಿದೆಯಂತೆ, ತಾಯಿಗೆ ತಿಳಿಸಲು ಹೇಳಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಸೇಠಿಯವರು ತಮ್ಮ ಪದ್ಧತಿಯಂತೆ ಎರಡನೆಯ ಸಲ ಕೇಳಿದರು. "ಮೇಡಂ, ಪದ ಖಚಿತವೇ? ಅದನ್ನೇ ಹೋಲುವ ಬೇರೆ ಮಾತಿಲ್ಲವೇ?"

ಇತ್ತು. ನನಗೆ ಗೊತ್ತಿತ್ತು. ಒಡೆಯುವುದಕ್ಕೂ ಹೊಡೆಯುವುದಕ್ಕೂ ನಡುವೆ ಇರುವುದು ಒಂದು ಉಸಿರು. ಆದರೆ ಆ ಉಸಿರನ್ನು ನಾಲ್ಕು ತಿಂಗಳು ಕುಳಿತು ಅವನ ಬಾಯಿಗೆ ಹಾಕಿದವಳು ನಾನು.

"ನನ್ನ ವಿದ್ಯಾರ್ಥಿ ಹಕಾರ ಬಿಡುವುದಿಲ್ಲ," ಎಂದೆ. "ಅದು ಒಡೆಯಿತು ಎಂದೇ."

ಅವರ ಕಂಪ್ಯೂಟರಿನ ತೆರೆಯ ಮೇಲೆ ದೋಣಿಯ ಚುಕ್ಕೆ ಗಾಳಿಯ ದಿಕ್ಕಿನಲ್ಲಿ ನಿಧಾನವಾಗಿ ಸರಿಯುತ್ತಿತ್ತು. ತೊಲೆ ಹೋದ ದೋಣಿ ಸರಿಯುವುದು ಹಾಗೆಯೇ. ರಿಪೇರಿಗೆ ಬೇಕಾದದ್ದೆಲ್ಲ ದೋಣಿಯಲ್ಲಿದೆ, ರಕ್ಷಣಾ ಪಡೆಯನ್ನು ಕರೆಯುವ ಅಪಾಯದ ಪೆಟ್ಟಿಗೆಯ ಗುಂಡಿಯನ್ನು ಅವನು ಒತ್ತಿಲ್ಲ, ಫೋನಿಗೆ ನೀರು ಹೊಕ್ಕಿರಬಹುದು, ಕಾಯೋಣ ಎಂದರು. ಕಾದೆವು.

ಭಾನುವಾರ ಬೆಳಿಗ್ಗೆ ಕರೆ ಬರಲಿಲ್ಲ. ಮಧ್ಯಾಹ್ನ ಮೇಟಗಳ್ಳಿಗೆ ಹೋಗಿ, ಬರೆದು ತಂದಿದ್ದ ಒಂದೇ ಒಂದು ವಾಕ್ಯವನ್ನು ಓದಿದೆ. "ಶುಕ್ರವಾರದಂದು ಬಿರುಗಾಳಿಯ ಹೊಡೆತಕ್ಕೆ ಸಿಲುಕಿ ದೋಣಿಯ ತೊಲೆಯು ಒಡೆಯಿತು."

ಚಿಕ್ಕತಾಯಮ್ಮ ಕಣ್ಣು ತೆರೆದರು.

"ತೊಲೆ ಎಂಗವ್ವ ಒಡೀತದೆ?"

"ಗಾಳಿಗೆ, ಚಿಕ್ಕತಾಯಮ್ಮನವರೇ."

"ಅಲ್ಲ ಕಣವ್ವ. ತೊಲೆ ಮುರೀತದೆ. ಮಡಕೆ ಒಡೀತದೆ. ತೊಲೆ ಒಡೆಯೋದನ್ನ ನಾ ಎಲ್ಲೂ ಕಂಡಿಲ್ಲ." ಅವರು ಗೋಡೆಯಿಂದ ಬೆನ್ನು ಬಿಡಿಸಿ ನೇರವಾಗಿ ಕುಳಿತರು. "ಅವ್ನು ಏನಂದ? ಅವ್ನ ಬಾಯಿಂದ ಕೇಳ್ಸು."

ಫೋನನ್ನು ಅವರ ಕಿವಿಗೆ ಹಿಡಿದೆ. ಅವರಿಗೆ ಒಂದೇ ಸಲ ಸಾಕಾಯಿತು.

"ಅಯ್ಯೋ, ನನ್ ಮಗನಿಗೆ ಏಟು ಬಿದ್ದದೆ! ತೊಲೆ ಅವನಿಗೆ ಒಡೆದದೆ ಕಣೇ! ಇದು ಶುಕ್ರವಾರದ್ದಾ? ಎರಡು ದಿನ ಇದನ್ನ ಇಟ್ಕೊಂಡು ಏನ್ಮಾಡ್ತಿದ್ದೆ? ಎರಡು ದಿನ?"

ನನ್ನ ಭುಜ ಹಿಡಿದು ಅಲುಗಿಸಿದರು. ಬೆನ್ನು ಹಿಂದಿನ ಕಬ್ಬಿಣದ ಪೆಟ್ಟಿಗೆಗೆ ಬಡಿಯಿತು. ನನ್ನ ಕಿವಿಯಲ್ಲಿ ಮಾತ್ರ ಎಳೆಯ ವಯಸ್ಸಿನ ನನ್ನದೇ ದನಿ: ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ. ಆರು ಏಟು ಹಾಕಿ ಕಲಿಸಿದ ಪಾಠ. ಕಲಿತವನು ತೊಲೆ ಮುರಿದಿದ್ದರೆ ಮುರಿಯಿತು ಎಂದೇ ಹೇಳುತ್ತಿದ್ದ. ಹಕಾರವೊಂದನ್ನೇ ಹಿಡಿದು ಕುಳಿತಿದ್ದ ನಾನು ಕ್ರಿಯಾಪದವನ್ನು ನೋಡಿರಲಿಲ್ಲ.

ಅಲ್ಲಿಂದಲೇ ಸೇಠಿಯವರಿಗೆ ಹೇಳಿದೆ: ಬೂಮ್ ಮುರಿದಿಲ್ಲ, ಬೂಮ್ ಅವನಿಗೆ ಹೊಡೆದಿದೆ. ಬೈದಿದ್ದರೆ ಚೆನ್ನಾಗಿತ್ತು, ಅವರು ಫೋನಿಟ್ಟುಬಿಟ್ಟರು. ಸಂಜೆಯೊಳಗೆ ಆಸ್ಟ್ರೇಲಿಯಾದ ಸಮುದ್ರ ರಕ್ಷಣಾ ಪಡೆಗೆ ಸುದ್ದಿ ಮುಟ್ಟಿತು. ಹತ್ತಿರವೆಂದರೆ ಮೂರು ದಿನದ ದಾರಿಯಲ್ಲಿದ್ದ ಮೀನಿನ ಹಡಗೊಂದು ದಿಕ್ಕು ಬದಲಿಸಿತು. ಆ ಮೂರು ದಿನ ನಾನು ಚಿಕ್ಕತಾಯಮ್ಮನವರ ಮನೆಯಲ್ಲಿಯೇ ಇದ್ದೆ. ಅವರು ಹೊತ್ತು ಹೊತ್ತಿಗೆ ತಟ್ಟೆಯನ್ನು ಮಾತ್ರ ನನ್ನ ಮುಂದೆ ತಳ್ಳುತ್ತಿದ್ದರು.

ಬುಧವಾರ ಅವನು ಜೀವಸಹಿತ ಸಿಕ್ಕಿದ.

ನಡೆದದ್ದು ಅನಂತರ ತಿಳಿಯಿತು. ಗಾಳಿ ಒಮ್ಮೆಲೇ ತಿರುಗಿ ತೊಲೆ ಬೀಸಿ ಬಂದು ಅವನ ಎಡದೊಡೆಗೆ ಹೊಡೆದಿತ್ತು. ಮೂಳೆ ಮುರಿದ ಸದ್ದು ಗಾಳಿಯನ್ನೂ ಮೀರಿ ಕೇಳಿಸಿತಂತೆ. ತೆವಳಿ ಬಂದು ಇಳಿಬಾಗಿಲಿನಿಂದ ಒಳಗೆ ಬಿದ್ದಾಗ ಮೂಳೆಯ ತುದಿ ಚರ್ಮ ಹರಿದು ಹೊರಬಂತು. ಜೇಬಿನಲ್ಲಿದ್ದ ಫೋನಿನಲ್ಲಿ ಕಡೆಯ ಸಲ ಕರೆದದ್ದು ನನ್ನನ್ನು. ವಾರವಾರವೂ ಒತ್ತುತ್ತಿದ್ದ ಸಂಖ್ಯೆಗೆ ಬೆರಳು ತಾನಾಗಿ ಹೋಗಿತ್ತು. ಮಾತು ಮುಗಿಯುವ ಮೊದಲೇ ದೋಣಿ ಮತ್ತೆ ಮಗುಚಿತು, ಫೋನು ನೀರುಪಾಲಾಯಿತು. ಅಪಾಯದ ಪೆಟ್ಟಿಗೆ ಬಾಗಿಲ ಪಕ್ಕದ ಗೋಡೆಯಲ್ಲಿ, ಅವನು ಬಿದ್ದ ಜಾಗದಿಂದ ನಾಲ್ಕಡಿ ಎತ್ತರದಲ್ಲಿ, ಕೆಂಪಗೆ ಕಾಣುತ್ತಿತ್ತು. ಎದ್ದು ಕೂರಲು ಹೋದಾಗಲೆಲ್ಲ ಅಲೆ ಅವನನ್ನು ಎತ್ತಿ ಒಗೆಯುತ್ತಿತ್ತು. ಹಗ್ಗ ಕಚ್ಚಿಕೊಂಡು, ತೊಡೆಗೆ ತಾನೇ ಕಟ್ಟು ಬಿಗಿದುಕೊಂಡು, ಗೇಣೆತ್ತರದ ನೀರಿನಲ್ಲಿ ಐದು ದಿನ ಮಲಗಿದ್ದ. ಆಸ್ಪತ್ರೆಗೆ ತಲುಪುವ ಹೊತ್ತಿಗೆ ಕಾಲು ಕೊಳೆತಿತ್ತು. ತೊಡೆಯ ನಡುವಿನಿಂದ ಕತ್ತರಿಸಿದರು. ಎರಡು ದಿನ ಮೊದಲು ಬಂದಿದ್ದರೆ ಉಳಿಸುತ್ತಿದ್ದೆವು ಎಂದು ಅಲ್ಲಿಯ ವೈದ್ಯರು ಸೇಠಿಯವರಿಗೆ ಹೇಳಿದರು. ಸೇಠಿಯವರು ನನಗೆ ಹೇಳಿದರು.

ದಸರೆಯ ಜನಜಂಗುಳಿ ಕರಗಿದ ಮೇಲೆ ಅವನು ಮೇಟಗಳ್ಳಿಗೆ ಬಂದ. ಒಂದು ಬೆಳಿಗ್ಗೆ ನೋಡಲು ಹೋದೆ. ಕಡಕೊಳದ ಶೆಡ್ಡು ಖಾಲಿ ಮಾಡಿದಾಗ ಉಳಿದ ಸಾಮಾನುಗಳನ್ನು ಮನೆಯ ಮುಂದಿನ ಕೋಣೆಗೆ ತಂದು ಸುರಿದಿದ್ದರು. ಕೋಣೆಯೆಲ್ಲ ರಾಳದ ವಾಸನೆ. ಕಿಟಕಿಯ ಬಳಿ ಮಂಚದ ಮೇಲೆ ಕುಳಿತಿದ್ದ. ಮಡಿಸಿ ಪಿನ್ನು ಹಾಕಿದ ಪೈಜಾಮದ ಎಡಗಾಲಿನ ಕಡೆಗೆ ನಾನು ನೋಡಲಿಲ್ಲ.

"ಪುಸ್ತಕ ಶುರು ಮಾಡೋಣ್ವಾ ಮಿಸ್?" ಎಂದ.

ತಾಯಿಯಾಗಲಿ ಸೇಠಿಯವರಾಗಲಿ ಅವನಿಗೆ ಏನನ್ನೂ ಹೇಳಿರಲಿಲ್ಲವೆಂದು ಆಗ ಗೊತ್ತಾಯಿತು. ಹೇಳದೆ ಉಳಿಸಿದ್ದು ನನ್ನ ಮೇಲಿನ ಕರುಣೆಯಿಂದಲ್ಲ. ಅದು ನಾನೇ ಹೇಳಬೇಕಾದ ಮಾತಾಗಿತ್ತು. ಕರ್ಮಣಿ ಪ್ರಯೋಗದಲ್ಲಿ ಹೇಳುವ ದಾರಿಯೊಂದಿತ್ತು: ಸಂದೇಶವು ತಪ್ಪಾಗಿ ಗ್ರಹಿಸಲ್ಪಟ್ಟಿತು, ವಿಳಂಬವಾಯಿತು. ಅಂಥ ವಾಕ್ಯದಲ್ಲಿ ಯಾರೂ ಇರುವುದಿಲ್ಲ. ನಾನು ಕರ್ತೃವನ್ನು ಮೊದಲಿಟ್ಟು ಹೇಳಿದೆ.

"ನಾನು ತಪ್ಪಾಗಿ ಕೇಳಿದೆ, ಹೊನ್ನರಾಜು. ಒಡೆಯಿತು ಅಂದುಕೊಂಡೆ. ಸೇಠಿಯವರು ಎರಡು ಸಲ ಕೇಳಿದರು. ನೀನು ಹಕಾರ ಬಿಡುವುದಿಲ್ಲವೆಂದು ನಾನು ಹಟ ಹಿಡಿದೆ. ನಿನ್ನ ಎರಡು ದಿನ ನನ್ನಿಂದ ಹೋಯಿತು."

ಅವನು ಕಿಟಕಿಯ ಕಡೆಗೆ ತಿರುಗಿದ.

"ಎಷ್ಟು ಸಲ ಕೇಳಿದ್ರಿ ಅದನ್ನ?"

"ಒಂಬತ್ತು."

"ಒಂಬತ್ತು ಸಲ ಕೇಳಿನೂ?"

ಮಂಚದ ಪಕ್ಕದಲ್ಲಿ ಹಾಯಿ ಸೆಟೆದು ನಿಲ್ಲಲೆಂದು ಅದರೊಳಗೆ ತೂರಿಸುವ ಫೈಬರಿನ ಪಟ್ಟಿಗಳ ಕಟ್ಟೊಂದಿತ್ತು. ಅವನು ಅದರಿಂದ ಒಂದನ್ನು ಎಳೆದು, ಬಗ್ಗಿಸಿ ನೋಡಿದ.

"ಕೈ ನೀಡಿ, ಮಿಸ್."

ನೀಡಿದೆ. ತಮಾಷೆಯೆಂದು ನಾನು ಭಾವಿಸಲಿಲ್ಲ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಭುಜದವರೆಗೆ ಕೈಯೆತ್ತಿ, ಪೂರ್ತಿ ಬಲವಿಟ್ಟು ಬೀಸಿದ. ಅಂಗೈ ಹೊತ್ತಿಕೊಂಡಿತು. ಬೆರಳುಗಳು ತಾವಾಗಿ ಮಡಿಚಿಕೊಂಡವು; ಬುಡದಲ್ಲಿ ಚರ್ಮ ಬಿರಿದು ಕೆಂಪು ಗೆರೆಯೊಂದು ಮೂಡಿ ಉಕ್ಕಿತು. ಕೈಯನ್ನು ನಾನು ಹಿಂದಕ್ಕೆಳೆಯಲಿಲ್ಲ.

ಒಳಗಿನಿಂದ ಚಿಕ್ಕತಾಯಮ್ಮ ಕೂಗಿದರು: "ಏನ್ಲಾ ಅದು ಸದ್ದು?"

"ಮಿಸ್‌ಗೆ ಒಡೆದೆ ಕಣವ್ವ."

ಒಲೆಯ ಮುಂದೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು.

"ಒಂದೇಯಾ?"

ಅವನು ಪಟ್ಟಿಯನ್ನು ನೋಡಿದ, ನನ್ನ ಕೈಯನ್ನು ನೋಡಿದ. ಅವನ ಉಸಿರು ಜೋರಾಗಿ ಏಳುತ್ತ ಬೀಳುತ್ತ ಇತ್ತು. ಪಟ್ಟಿಯನ್ನು ಮತ್ತೆ ಕಟ್ಟಿಗೆ ಸೇರಿಸಿದ. ಅನಂತರ ದಿಂಬಿನ ಕೆಳಗಿನಿಂದ ಹೊಸ ನೋಟುಪುಸ್ತಕ ತೆಗೆದು, ಮೊದಲ ಹಾಳೆ ಬಿಡಿಸಿ ನನ್ನ ತೊಡೆಯ ಮೇಲಿಟ್ಟು, ಪೆನ್ನನ್ನು ಆ ಕೈಗೇ ಕೊಟ್ಟ.

"ಬರ್ಕೊಳ್ಳಿ," ಎಂದ. "ಅಲ್ಲಿಂದ್ಲೇ ಶುರು. ತೊಲೆ ಹೊಡೆಯಿತು."

ಹಕಾರ ಸ್ಪಷ್ಟವಾಗಿತ್ತು; ಅವನ ಉಸಿರು ನನ್ನ ಮುಖಕ್ಕೆ ತಾಗಿತು. ಬೆರಳು ಮಡಿಚಲು ಆಗುತ್ತಿರಲಿಲ್ಲ. ಮುಷ್ಟಿಯಲ್ಲಿ ಪೆನ್ನು ಹಿಡಿದು, ಒಂದನೆಯ ತರಗತಿಯ ಮಗುವಿನಂತೆ ಸೊಟ್ಟ ಸೊಟ್ಟ ಅಕ್ಷರಗಳಲ್ಲಿ, ಹಾಳೆಯ ಅಂಚಿಗೆ ರಕ್ತ ಮೆತ್ತಿಸುತ್ತ, ಆ ಶುಕ್ರವಾರ ಅವನು ಆಡಿದ್ದಂತೆಯೇ ಬರೆದೆ: ತೊಲೆ ಒಡೀತು.